ಪ್ರೀಮಿಯಂ ಪೆಟ್ರೋಲ್ ಮಹಾಶಯರಲ್ಲಿ ಅತ್ತಿಗೆಯ ಪರವಾಗಿ ಒಂದು ಕ್ಷಮಾಪಣೆ

ಮಾನ್ಯ ಪ್ರೀಮಿಯಂ ಪೆಟ್ರೋಲ್ ಅವರೇ,

ಬಂಕಿನ ನಟ್ಟನಡುವೆ, ಹೊಸದಾಗಿ ಬಣ್ಣ ಬಳಿದ ಚಾವಣಿಯ ನೆರಳಿನಲ್ಲಿ, ಕೆಂಪು ನಾಜಲ್ಲಿನ ತುದಿಯಲ್ಲಿ ವಿರಾಜಮಾನರಾಗಿರುವ ತಮಗೆ ನಮ್ಮ ಮನೆಮಂದಿಯೆಲ್ಲರ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆವು. ನೆಲದಡಿಯ ತಂಪು ತೊಟ್ಟಿಯಲ್ಲಿ ಮಲಗಿರುವವರಿಗೆ ಏನಾಗಬೇಕು? ಬಿಸಿಲಿನಲ್ಲಿ ನಿಂತಿರುವವರು ನಮ್ಮ ಅತ್ತಿಗೆ.

ಅತ್ತಿಗೆ ತಮ್ಮ ಬಂಕಿನಲ್ಲಿ ಗಾಡಿಗಳಿಗೆ ಪೆಟ್ರೋಲ್ ಹಾಕುವ ಕೆಲಸದವರು. ತಮ್ಮ ಘನತೆಗೆ ಕುಂದು ತಂದರೆಂಬ ಆಪಾದನೆಯ ಮೇಲೆ ಮ್ಯಾನೇಜರ್ ಸಾಹೇಬರು ಅವರ ಕೈಯಿಂದ ನಾಜಲ್ ಕಿತ್ತುಕೊಂಡು, ಚಾವಣಿಯಿಲ್ಲದ ಮೂಲೆಯಲ್ಲಿ, ಟೈರಿಗೆ ಗಾಳಿ ಹೊಡೆಯುವ ಯಂತ್ರದ ಪಕ್ಕ ನಿಲ್ಲಿಸಿದ್ದಾರೆ. ಈ ವಾರ ಮುಗಿಯುವುದರೊಳಗೆ ಕ್ಷಮಾಪಣೆ ಬರೆದುಕೊಡದಿದ್ದರೆ ಆ ಮೂಲೆಯೂ ಇಲ್ಲ, ನೆಟ್ಟಗೆ ಮನೆಗೆ ಹೋಗಬಹುದು ಎಂದಿದ್ದಾರೆ. ಅತ್ತಿಗೆ ಬರೆಯುವುದಿಲ್ಲ ಎಂದರು. ಮನೆಯಲ್ಲಿ ಕಂಡಕಂಡವರಿಗೆಲ್ಲ ಪತ್ರ ಬರೆಯುವ ಚಟದವನು ನಾನೊಬ್ಬನೇ ಆದ್ದರಿಂದ ಆ ಭಾರ ನನ್ನ ಹೆಗಲಿಗೆ ಬಿದ್ದಿದೆ. ಅಪರಾಧವೇನೆಂದು ಹೇಳದೆ ಕ್ಷಮೆ ಕೇಳುವುದು ತಮ್ಮಂಥ ದೊಡ್ಡವರಿಗೆ ಮಾಡುವ ಅವಮಾನವಾದೀತು; ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ನಿವೇದಿಸುತ್ತೇನೆ.

ತಮ್ಮನ್ನು ಮಾರಲು ಬಂಕಿನಲ್ಲಿ ಒಂದು ಶಾಸ್ತ್ರವಿದೆ. ಗಾಡಿ ಬಂದು ನಿಂತಾಗ "ಪ್ರೀಮಿಯಂ ಬೇಕಾ ಸರ್" ಎಂದು ಕೇಳಕೂಡದು. "ಪ್ರೀಮಿಯಂ ತಾನೇ ಸರ್" ಎನ್ನಬೇಕು. ಹಿಂದೆ ಹಾರ್ನ್ ಹೊಡೆಯುವವರ ಸಾಲು, ಪಕ್ಕದ ಸೀಟಿನಲ್ಲಿ ಬೀಗರು; ಅಂಥ ಹೊತ್ತಿನಲ್ಲಿ ಗಾಜು ಇಳಿಸಿ "ಅಲ್ಲಮ್ಮ, ಸಾದಾದು" ಎನ್ನಲು ಎಷ್ಟು ಗಂಡಸರಿಗೆ ಎದೆ ಇದೆ? ಬಡತನವನ್ನು ಹತ್ತು ಜನರೆದುರು ಒಪ್ಪಿಕೊಂಡಂತೆ ನಾಲಿಗೆ ತಡವರಿಸುತ್ತದೆ, ತಲೆ ತಾನಾಗಿ ಆಡುತ್ತದೆ. ಗಾಡಿಗೆ ಏನು ಬೇಕೆಂದು ಗಾಡಿ ಮಾಡಿದವನು ಟ್ಯಾಂಕಿನ ಮುಚ್ಚಳದ ಒಳಗೇ ಅಚ್ಚು ಹಾಕಿಸಿರುತ್ತಾನೆ. ಅದನ್ನು ಓದುವವರು ಯಾರು? ಮನುಷ್ಯರನ್ನು ಮೇಲು ಕೀಳೆಂದು ಎರಡು ಸಾಲಿನಲ್ಲಿ ನಿಲ್ಲಿಸುವ ವಿದ್ಯೆ ಹಳೆಯದು. ಅದನ್ನು ಎಣ್ಣೆಗೂ ಕಲಿಸಿದ ಕೀರ್ತಿ ತಮ್ಮ ಕಂಪನಿಯದು.

ತಮ್ಮ ಭಕ್ತಾಗ್ರೇಸರರು ನಮ್ಮ ಪಕ್ಕದ ಮನೆಯ ದರ್ಜಿ ಮಾವ. ಅವರದು ಬೇರೆಯವರು ಓಡಿಸಿ ಬಿಟ್ಟ ಪುಟ್ಟ ಕಾರು, ಬಟ್ಟೆಯ ಥಾನು ಹೇರಿಕೊಂಡು ಪೇಟೆಗೂ ಮನೆಗೂ ತಿರುಗುವಂಥದು. ಮಾವ ಸ್ವಂತ ಹೊಟ್ಟೆಗೆ ತಂಗಳು ಹಾಕಿಕೊಂಡಾರು, ಕಾರಿನ ಹೊಟ್ಟೆಗೆ ತಮ್ಮನ್ನಲ್ಲದೆ ಬೇರೆ ಹಾಕಿಸಿದವರಲ್ಲ. ಎಂಜಿನ್ನಿಗೆ ಟಾನಿಕ್ ಎಂಬುದು ಅವರ ವಾದ. ತಿಂಗಳ ಕೊನೆಯಲ್ಲಿ ನಮ್ಮ ಅತ್ತೆ, ಅಂದರೆ ಅವರ ಹೆಂಡತಿ, ಆ ಟಾನಿಕ್ಕನ್ನು ನಿಮಗೇ ಹಾಕಿಸಿಕೊಂಡರೆ ಕೂತಲ್ಲಿಂದ ಏಳುತ್ತೀರೇನೋ ಎಂದು ಗೊಣಗುತ್ತಿದ್ದುದು ಗೋಡೆಯಾಚೆ ನಮಗೂ ಕೇಳುತ್ತಿತ್ತು.

ಹೀಗಿರಲಾಗಿ, ಕಳೆದ ತಿಂಗಳು ಟ್ಯಾಂಕರಿನ ಚಾಲಕರು ಅವಸರದಲ್ಲಿ ಕೊಳವೆಯನ್ನು ಪಕ್ಕದ ಬಾಯಿಗೆ ಸಿಕ್ಕಿಸಿ, ಬರಿದಾಗಿದ್ದ ತಮ್ಮ ತೊಟ್ಟಿಯ ತುಂಬ ಸಾದಾ ಪೆಟ್ರೋಲ್ ಇಳಿಸಿ ಹೊರಟುಹೋದರು. ಆಮೇಲೆ ಅವರೇ ಗಾಬರಿಯಿಂದ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಮ್ಯಾನೇಜರ್ ಸಾಹೇಬರು ಕೆಲಸದವರನ್ನೆಲ್ಲ ಒಳಕ್ಕೆ ಕರೆದು, ಬಾಯಿ ಮುಚ್ಚಿಕೊಂಡು ಮಾರಿ ಮುಗಿಸಿ ಎಂದರು. ಕೆಂಪು ನಾಜಲ್, ಕೆಂಪು ನಾಜಲ್ಲಿನದೇ ದರ, ಒಳಗೆ ಮಾತ್ರ ಸಾದಾ. ಅತ್ತಿಗೆಯೂ ಮಾರಿದರು. ಮನೆಗೆ ಬಂದು ಊಟ ಸೇರದೆ ತಟ್ಟೆ ಸರಿಸಿದರು.

ಆ ದಿನಗಳಲ್ಲಿ ತಮಗೆ ಸಂದ ಹೊಗಳಿಕೆ ಕೇಳಿದ್ದರೆ ತಮ್ಮ ಕಣ್ಣು ತುಂಬಿಬರುತ್ತಿತ್ತು. ಒಬ್ಬರು ಗಾಡಿ ಹಗುರಾಗಿದೆ ಎಂದರು. ಇನ್ನೊಬ್ಬರಿಗೆ ಏರಿನಲ್ಲೂ ಗೇರ್ ಬದಲಿಸುವುದೇ ಬೇಡವಾಗಿತ್ತಂತೆ. ದೂರು ತಂದದ್ದು ಒಂದೇ ಒಂದು ಕಾರು: ತಮ್ಮನ್ನೇ ಹಾಕಬೇಕೆಂದು ಮುಚ್ಚಳದಲ್ಲಿ ಬರೆಸಿಕೊಂಡು ಹುಟ್ಟಿದ, ಭಾರೀ ಎಂಜಿನ್ನಿನ ವಾಹನ. ಅದು ಏರು ಹತ್ತುವಾಗ ಟಕಟಕ ಬಡಿದುಕೊಂಡಿತು. ಅದರ ಅಗತ್ಯ ನಿಜ, ಅದರ ಸಂಕಟವೂ ನಿಜ. ಅಂಥ ಗಾಡಿಗೆ ತಾವು ಬೇಕು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಮಿಕ್ಕ ಗಾಡಿಗಳು ಸಾದಾದನ್ನು ಕುಡಿದು ಸುಖವಾಗಿ ಓಡಿದವು. ಹೊಗಳಿದ್ದೆಲ್ಲ ಯಜಮಾನರ ಬಾಯಿ.

ಕೊನೆಗೆ ದರ್ಜಿ ಮಾವ ಬಂದು, ಈ ಸಲದ ಎಣ್ಣೆ ಏನು ಪಿಕಪ್ಪಮ್ಮ, ಕಂಪನಿಯವರು ಏನೋ ಹೊಸದು ಬೆರೆಸಿದ್ದಾರೆ, ಇನ್ನು ಮೇಲೆ ಅಳಿಯನ ಗಾಡಿಗೂ ಇದನ್ನೇ ಹಾಕಿಸುತ್ತೇನೆ ಎಂದಾಗ ಅತ್ತಿಗೆಗೆ ತಡೆಯಲಾಗಲಿಲ್ಲ.

"ಮಾವ, ನೀವು ಹಾಕಿಸ್ಕೊಂಡಿದ್ದು ಸಾದಾ ಪೆಟ್ರೋಲು. ನಿಮ್ಮ ಗಾಡಿಗೆ ಯಾವತ್ತೂ ಅದೇ ಸಾಕಿತ್ತು."

ಇದೇ ಅಪರಾಧ. ಕ್ಷಮಾಪಣೆಯಲ್ಲಿ ಏನಿರಬೇಕೆಂದೂ ಸಾಹೇಬರು ಹೇಳಿಕೊಟ್ಟಿದ್ದಾರೆ: ಗ್ರಾಹಕರಿಗೆ ವ್ಯತ್ಯಾಸ ಅನುಭವಕ್ಕೆ ಬಂದಿರುವುದು ಸತ್ಯ, ಹಾಗಲ್ಲವೆಂದು ನಾನು ಆಡಿದ್ದು ಸುಳ್ಳು ಎಂದು ಬರೆಯಬೇಕಂತೆ. ತೊಟ್ಟಿಯಲ್ಲೇ ಇಲ್ಲದ ತಾವು ಅಷ್ಟೊಂದು ಅನುಭವ ಕೊಟ್ಟಿರಲ್ಲ, ಇದ್ದಿದ್ದರೆ ಇನ್ನೆಷ್ಟು ಕೊಡುತ್ತಿದ್ದಿರೋ!

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ಇನ್ನು ಮುಂದೆ ಸಣ್ಣ ಗಾಡಿಗಳ ಹೊಟ್ಟೆಗೆ ಇಳಿಯುವಾಗ ದಯವಿಟ್ಟು ಒಮ್ಮೆ ಕೆಮ್ಮಿರಿ, ತಾವು ಬಂದಿರುವುದು ಎಂಜಿನ್ನಿಗೂ ತಿಳಿಯಲಿ. ಬಿಡುವಾದಾಗ ತೊಟ್ಟಿಯಿಂದ ಎದ್ದು ಬಂದು, ಒಂದು ಮಧ್ಯಾಹ್ನದ ಮಟ್ಟಿಗೆ ಗಾಳಿ ಯಂತ್ರದ ಪಕ್ಕ ಅತ್ತಿಗೆಯ ಜಾಗದಲ್ಲಿ ನಿಲ್ಲಿ. ಬಿಸಿಲಿಗೆ ನಿಂತರೆ ತಾವು ಆವಿಯಾಗಿಬಿಡುತ್ತೀರೆಂದು ಬಲ್ಲೆವು. ನಮ್ಮ ಹೆಣ್ಣುಮಕ್ಕಳು ಆವಿಯಾಗುವುದಿಲ್ಲ. ತಮಗೂ ನಮಗೂ ಇರುವ ವ್ಯತ್ಯಾಸ ಅದು. ಅದು ಮಾತ್ರ ನಮ್ಮ ಅನುಭವಕ್ಕೆ ಚೆನ್ನಾಗಿ ಬಂದಿದೆ.

ದರ್ಜಿ ಮಾವನ ವಿಚಾರ ತಿಳಿಸಬೇಕು. ಮೊದಲು ಅವರು ಅತ್ತಿಗೆಯ ಮೇಲೇ ಹರಿಹಾಯ್ದರು, ನಾಲ್ಕು ಜನರ ಮುಂದೆ ಮರ್ಯಾದೆ ಕಳೆದಳೆಂದು ಮಾತು ಬಿಟ್ಟರು. ನಿನ್ನೆ ಮಧ್ಯಾಹ್ನ ಗಾಳಿ ಹೊಡೆಸಲು ಹೋದಾಗ, ಸೆರಗು ತಲೆಗೆ ಹೊದ್ದು ಅವರ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಅತ್ತಿಗೆಯನ್ನು ಕಂಡರು. ಗಾಳಿ ಹೊಡೆಸಿಕೊಂಡು ನೆಟ್ಟಗೆ ಮನೆಗೆ ಬಂದರು. ರಾತ್ರಿ ನಮ್ಮ ಬಾಗಿಲಿಗೆ ಬಂದು, ಅತ್ತಿಗೆಯ ಮುಖ ನೋಡದೆ ಇಷ್ಟು ಹೇಳಿದರು: "ಕೋಟಿನ ಒಳಗೆ ಯಾರಿಗೂ ಕಾಣದ ಲೈನಿಂಗ್ ಬಟ್ಟೆ ರೇಷ್ಮೆದು ಹಾಕಿ ಅಂತ ಬರೋರನ್ನ ನೋಡಿ ನಗ್ತಿದ್ದೆ ಕಣಮ್ಮ. ಕಾರಿಗೆ ನಾನೂ ಅದನ್ನೇ ಮಾಡಿಸ್ಕೊಂಡಿದ್ದೀನಿ."

ಇಂದು ಬೆಳಿಗ್ಗೆ ಅವರು ಕಾರನ್ನು ತಮ್ಮ ಕೆಂಪು ನಾಜಲ್ಲಿನ ಎದುರಿಗೆ ತಂದು ನಿಲ್ಲಿಸಿ, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದ್ದಾರೆ. ಸಾದಾ ಪೆಟ್ರೋಲ್ ಹಾಕಿಸುವುದಂತೆ, ಆ ಹೆಣ್ಣುಮಗಳೇ ಬಂದು ಹಾಕಬೇಕಂತೆ, ಅಲ್ಲಿಯವರೆಗೆ ಗಾಡಿ ಕದಲುವುದಿಲ್ಲವಂತೆ. ಬಾನೆಟ್ಟಿನ ಮೇಲೆ ಬಟ್ಟೆ ಹರಡಿಕೊಂಡು ಅಲ್ಲೇ ಗುಂಡಿಯ ಕಾಜಾ ಹೊಲಿಯುತ್ತಿದ್ದಾರೆ. ತಮ್ಮ ಸಾಲಿಗೆ ಬಂದವರು ಹಾರ್ನ್ ಹೊಡೆದು, ಬೈದು, ಕೊನೆಗೆ ಪಕ್ಕದ ಸಾದಾ ಸಾಲಿಗೆ ಹೋಗಿ ಹಾಕಿಸಿಕೊಂಡು ಹೊರಟರು. ರಸ್ತೆಯ ತಿರುವಿನವರೆಗೂ ನೋಡಿದೆ. ಯಾವ ಗಾಡಿಯೂ ಮುಗ್ಗರಿಸಲಿಲ್ಲ.

ಈ ಪತ್ರವನ್ನೇ ಕ್ಷಮಾಪಣೆಯೆಂದು ಸ್ವೀಕರಿಸಿ, ನಾಜಲ್ಲನ್ನು ಅತ್ತಿಗೆಯ ಕೈಗೆ ಹಿಂದಿರುಗಿಸುವಂತೆ ಸಾಹೇಬರಿಗೆ ಅಪ್ಪಣೆಯಾಗಲಿ. ಮಾವನ ಬಳಿ ಇನ್ನೂ ಹೊಲಿಯದ ಬಟ್ಟೆ ಬಹಳವಿದೆ.

ಸಾದಾ ಎಣ್ಣೆಯಲ್ಲೇ ಸುಸೂತ್ರವಾಗಿ ಮನೆ ಸೇರುವ,
ತಮ್ಮ ವಿಶ್ವಾಸಿ,
ಗಾಳಿ ಹೊಡೆಯುವವರ ಮೈದುನ

ತಾ.ಕ.: ಮಾವನ ಟ್ಯಾಂಕಿನ ತಳದಲ್ಲಿ ಈಗ ಹಳೆಯ ತಾವೂ, ತಮ್ಮ ಹೆಸರಿನಲ್ಲಿ ಬಂದು ಸೇರಿದ ಸಾದಾದವರೂ ಒಟ್ಟಿಗಿದ್ದೀರಿ. ತಾವು ಬಂದು ತಮ್ಮವರನ್ನು ಗುರುತು ಹಿಡಿದು ಬೇರೆ ಕರೆದೊಯ್ಯಬಹುದು. ಗುರುತು ಸಿಗದಿದ್ದರೆ ಜೊತೆಯಲ್ಲೇ ಉರಿಯಿರಿ, ಗಾಡಿಯ ಅಭ್ಯಂತರವಿಲ್ಲ.