ಮೆಕ್ಸಿಕೋ ಮಡಕೆಯ ಇಕಾಮಾ

ಮಡಕೆ ಬಂದ ಸುದ್ದಿಯನ್ನು ನನಗೆ ಮೊದಲು ಹೇಳಿದವರು ಹಮೀದಾಕ, ನಮಗೆಲ್ಲ ಅಣ್ಣನಂತಿದ್ದ ಆಫೀಸಿನ ಮಂದೂಬ್. ಎಲ್ಲರ ವೀಸಾ, ಇಲ್ಲಿ ಇರಲು ಬೇಕಾದ ಪರವಾನಗಿಯಾದ ಇಕಾಮಾ, ಇವುಗಳ ಫೈಲು ಹೊತ್ತು ಸರ್ಕಾರಿ ಕಚೇರಿ ಸುತ್ತುವುದು ಅವರ ಕೆಲಸ. ಇಪ್ಪತ್ತು ವರ್ಷ ಕುವೈತಿನ ಕೌಂಟರುಗಳ ಮುಂದೆ ನಿಂತವರ ಸುತ್ತ ಇಂಥ ಕಥೆಗಳು ಆಗುತ್ತಲೇ ಇರುತ್ತವೆ.

೧. ಫೋಟೋ

ನಮ್ಮ ಕಫೀಲರಿಗೆ, ಅಂದರೆ ನಮ್ಮೆಲ್ಲರ ವೀಸಾಕ್ಕೆ ಹೊಣೆಯಾದ ಧಣಿಗೆ, ಹಳೆ ವಸ್ತುಗಳ ಹುಚ್ಚು. ಒಬ್ಬ ವ್ಯಾಪಾರಿ, ಮೆಚ್ಚಿಗೆಯಾದರೆ ಇಟ್ಟುಕೊಳ್ಳಿ ಎಂದು, ಮೆಕ್ಸಿಕೋದ ಸಮಾಧಿಯಲ್ಲಿ ಇಡುತ್ತಿದ್ದಂಥ ಮಣ್ಣಿನ ಮಡಕೆ ತಂದಿಟ್ಟ. ಸಾವಿರದೈನೂರು ವರ್ಷದ್ದಂತೆ. ಅದರ ಮುಂಬದಿಯಲ್ಲಿ ಕಾಲು ಮಡಚಿ ಕೂತ ದೇವರು, ತಲೆ ಮೇಲೆ ಗರಿಯ ಕಿರೀಟ. ಅಷ್ಟು ಚಂದದ್ದನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಇದರ ಪೇಪರ್ ನೋಡಿಕೋ ಎಂದರು ಕಫೀಲರು. ಹಮೀದಾಕರಿಗೆ ಗೊತ್ತಿದ್ದದ್ದು ಒಂದೇ ಬಗೆಯ ಪೇಪರ್, ಮನುಷ್ಯರ ಇಕಾಮಾದ್ದು. ಇಕಾಮಾ ಫೋಟೋಕ್ಕೆ ಮಾಡುವಂತೆ ಹಿಂದೆ ನೀಲಿ ಬಟ್ಟೆ ಕಟ್ಟಿ ಮಡಕೆಯ ಫೋಟೋ ತೆಗೆದರು. ಕಿರೀಟ ತೆಗೆಸಲಿಲ್ಲವಾ ಎಂದು ಕಿಚಾಯಿಸಿದೆ.

"ಬೇಡ ಅಕ್ಕ. ಎರಡು ಕಿವಿಯೂ ಕಾಣ್ತದೆ, ಪಾಸಾಗ್ತದೆ."

೨. ರಿಲೀಸ್

ಇಲ್ಲಿ ಕೆಲಸ ಬದಲಿಸಲು ಹಳೆ ಕಫೀಲನ ರಿಲೀಸ್ ಪತ್ರ ಬೇಕು. ಮಡಕೆಗೂ ಬೇಕೆಂದರು ಹಮೀದಾಕ. ವ್ಯಾಪಾರಿ ಕೊಟ್ಟ ಕಾಗದಗಳನ್ನು ಮಡಕೆಯ ಒಡೆಯರ ಸಾಲಿನಂತೆ ಜೋಡಿಸಿದರು: ಮೆಕ್ಸಿಕೋದ ಡಾಕ್ಟರು, ಪ್ಯಾರಿಸ್ಸಿನ ವಿಧವೆ, ಈ ವ್ಯಾಪಾರಿ. ಡಾಕ್ಟರಿಂದ ವಿಧವೆಗೆ ರಿಲೀಸೇ ಇಲ್ಲ, ನಡುವೆ ಹನ್ನೊಂದು ವರ್ಷ ಖಾಲಿ. ಕಫೀಲನನ್ನು ಬಿಟ್ಟು ಓಡಿದವರ ಫೈಲಿಗೆ ಬರೆಯುವಂತೆ ಅದರ ಮೇಲೂ 'ಓಡಿಬಂದ ಕೇಸು' ಎಂದು ಬರೆದರು.

ಮಡಕೆಗೆ ಮನಸೋತಿದ್ದ ಕಫೀಲರು ಕೆಂಡವಾದರು. ಹಮೀದಾಕರ ಇಕಾಮಾ ಆ ತಿಂಗಳೇ ಮುಗಿಯುತ್ತಿತ್ತು, ಅದಕ್ಕೂ ಕಫೀಲರದ್ದೇ ಸಹಿ ಬೇಕು. ಸುಮ್ಮನಿರಿ ಎಂದು ಹಮೀದಾಕರನ್ನು ಬೇಡಿಕೊಂಡೆ. ತಪ್ಪು ಫೈಲು ತನ್ನ ಕೈಯಿಂದ ಇಷ್ಟರವರೆಗೆ ಹೋಗಿಲ್ಲ ಎಂದರು, ಅಷ್ಟೇ.

ಕಫೀಲರು ವ್ಯಾಪಾರಿಯನ್ನು ಕರೆಸಿದರು. ಆ ವರ್ಷಗಳಲ್ಲಿ ಪ್ಯಾರಿಸ್ಸಿನಲ್ಲಿತ್ತು ಎಂದ. ಮತ್ತೆ ಕೇಳಿದಾಗ, ಅಲ್ಲಲ್ಲ, ಮೆಕ್ಸಿಕೋದಲ್ಲೇ ಇತ್ತು ಎಂದ. ಹಮೀದಾಕ ತಣ್ಣಗೆ ಕೇಳಿದರು:

"ಹಾಗಾದರೆ ಮೆಕ್ಸಿಕೋ ಬಿಟ್ಟ ಎಕ್ಸಿಟ್ ಸೀಲ್ ಎಲ್ಲಿ?"

೩. ಊರಿಗೆ

ವ್ಯಾಪಾರಿ ಬಾಯಿಬಿಟ್ಟ. ಡಾಕ್ಟರ ಕಥೆಯೇ ಸುಳ್ಳು, ಮಡಕೆ ಸಮಾಧಿಯಿಂದ ಕದ್ದದ್ದು ಎಂದು ಒಪ್ಪಿಕೊಂಡ. ಕಫೀಲರು ಮಡಕೆಯ ಕಿರೀಟವನ್ನೊಮ್ಮೆ ಸವರಿದರು. "ಖಲಾಸ್, ಅದರ ಊರಿಗೇ ಕಳಿಸು" ಎಂದು, ಅದೇ ಕೈಯಲ್ಲಿ ಹಮೀದಾಕರ ಇಕಾಮಾಕ್ಕೂ ಸಹಿ ಹಾಕಿದರು.

ಹಮೀದಾಕರ ಪ್ಯಾಕಿಂಗ್ ನೋಡಬೇಕಿತ್ತು. ದಪ್ಪ ಕಂಬಳಿ ಸುತ್ತಿ, ಕಾರ್ಟನ್ನಿಗೆ ನೀಲಿ ಹಗ್ಗ ಬಿಗಿದು, ನಾಲ್ಕೂ ಕಡೆ ಮಾರ್ಕರಿನಲ್ಲಿ ಮೆಕ್ಸಿಕೋ ಎಂದು ಊರ ಹೆಸರು ಬರೆದರು. ಊರಿಗೆ ಹೋಗುವಾಗ ಬರಿಗೈ ಆಗಬಾರದೆಂದು ಸಂದಿಯಲ್ಲಿ ಖರ್ಜೂರದ ಪೊಟ್ಟಣವನ್ನೂ ತುರುಕಿದರು.

ಮಡಕೆ ಹೋದ ಮೇಲೆ, ನೀವು ಊರಿಗೆ ಯಾವಾಗ ಹಮೀದಾಕ, ಎಂದೆ.

"ಅದರ ಪೇಪರ್ ಸರಿ ಇರಲಿಲ್ಲ, ಕಳಿಸಿದರು. ನನ್ನದೆಲ್ಲ ಸರಿ ಉಂಟು, ಯಾರು ಕಳಿಸ್ತಾರೆ?" ಎಂದವರು ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ತನಕ ಹೋಗಿ ತಿರುಗಿದರು. "ಈ ಮಾತನ್ನು ಸಮಯ ನೋಡಿ ಕಫೀಲರಿಗೂ ಮುಟ್ಟಿಸಿ ಅಕ್ಕ."