ಅತ್ತಿಗೆಯ ಅಟ್ಟವೂ ಚೀನಾದ ಸೈನ್ಯವೂ

ಇನ್ನೊಬ್ಬರು ಸೋತ ಸುದ್ದಿ ಕೇಳುವುದರಲ್ಲಿರುವ ಸುಖ ಸ್ವಂತ ಗೆಲುವಿನಲ್ಲೂ ಇಲ್ಲ. ನಾವು ಗೆದ್ದರೆ ಹತ್ತು ಜನಕ್ಕೆ ಕಾಫಿ ಕೊಡಿಸಬೇಕು. ಇನ್ನೊಬ್ಬ ಸೋತರೆ ಕೂತಲ್ಲೇ ನಗಬಹುದು, ಖರ್ಚಿಲ್ಲ. ಸೋಲುವವನು ದೊಡ್ಡ ಮನುಷ್ಯನಾಗಿದ್ದು, ಕಾಲು ಕೆರೆದುಕೊಂಡು ಪಕ್ಕದವರ ಮನೆಗೆ ನುಗ್ಗಿದವನಾಗಿದ್ದರಂತೂ ಹೋಳಿಗೆಯ ಮೇಲೆ ತುಪ್ಪ ಸುರಿದ ಹಾಗೆ. ಎಪ್ಪತ್ತೊಂಬತ್ತರ ಶಿವರಾತ್ರಿಯ ಆಸುಪಾಸಿನಲ್ಲಿ ಚೀನಾದ ಸೈನ್ಯ ವಿಯೆಟ್ನಾಮಿನೊಳಗೆ ನುಗ್ಗಿದಾಗ ಈ ಸುಖ ನನಗೆ ದಿನಾ ಸಂಜೆ ತಪ್ಪದೆ ಸಿಗುತ್ತಿತ್ತು. ಹಿಂದೊಮ್ಮೆ ನಮ್ಮ ಗಡಿಯೊಳಗೂ ಬಂದು ಹೋಗಿದ್ದ ಸೈನ್ಯ ಅದು. ನಮ್ಮ ಊರಲ್ಲಿ ಅದನ್ನು ಯಾರೂ ಮರೆತಿರಲಿಲ್ಲ.

ನಾನು ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಊರು ನೊಣವಿನಕೆರೆಯ ರಸ್ತೆಯಲ್ಲಿ. ಸಂಜೆ ಬಸ್ಸಿಳಿದವನು ಕಾಲು ಸಹ ತೊಳೆಯದೆ ರೇಡಿಯೋವನ್ನು ಜಗಲಿಗೆ ತಂದಿಡುತ್ತಿದ್ದೆ. ಪಾಠ ಕಲಿಸಿ ವಾಪಸ್ ಬರುತ್ತೇವೆಂದು ಹೇಳಿ ಹೊರಟಿದ್ದರಂತೆ ಚೀನಾದವರು. ಪಾಠ ಕಲಿಸುವುದು ಅಷ್ಟು ಸುಲಭವೇ? ಎಷ್ಟೋ ವರ್ಷದಿಂದ ಕಲಿಸುತ್ತಿದ್ದೇನೆ, ನನ್ನ ತರಗತಿಯ ಹಿಂದಿನ ಬೆಂಚಿನವರು ಇವತ್ತಿಗೂ ಒಂದಕ್ಷರಕ್ಕೂ ಜಗ್ಗಿಲ್ಲ. ಅಲ್ಲಿಯೂ ಹಾಗೇ ಆಯಿತು. ಗುಡ್ಡಗಾಡು, ಇಕ್ಕಟ್ಟಿನ ದಾರಿ, ಹೆಜ್ಜೆಹೆಜ್ಜೆಗೂ ಪೆಟ್ಟು.

"ಇವತ್ತು ಎಲ್ಲಿಗ್ ಬಂದವ್ರೆ ಮೇಷ್ಟ್ರೇ?" ಎಂದು ಕೇಳುತ್ತಲೇ ಅಂಗಡಿ ಬಸಪ್ಪ ಜಗಲಿ ಹತ್ತುತ್ತಿದ್ದ.

"ನಿನ್ನೆ ಇದ್ದಲ್ಲೇ ಅವ್ರೆ ಕಣಯ್ಯ. ಒಳಕ್ ನುಗ್ಗೋದು ಸುಲಭ, ಹಿಂದಿನ ದಾರಿ ಕಾಯ್ಕೊಳ್ಳೋದು ಕಷ್ಟ. ದಾರಿ ಕತ್ತರಿಸಿಬಿಟ್ರೆ ಎಂಥಾ ಶೂರನಾದ್ರೂ ಮೇಲೇ ಕೂತು ಅಳಬೇಕು."

ನಾನು ಯಾವ ಯುದ್ಧವನ್ನೂ ಕಣ್ಣಾರೆ ನೋಡಿದವನಲ್ಲ. ಎನ್.ಸಿ.ಸಿ.ಯಲ್ಲಿ ಬೂಟು ಕಚ್ಚುತ್ತದೆಂದು ಬಿಟ್ಟು ಬಂದವನು. ಆದರೂ ಜಗಲಿಯ ಮೇಲೆ ದಂಡನಾಯಕನಾಗಲು ಬೂಟು ಬೇಕಿಲ್ಲ. ಪಕ್ಕದಲ್ಲೇ ನನ್ನ ಅತ್ತಿಗೆ ಮೊರದಲ್ಲಿ ಹುರುಳಿ ಹಸನು ಮಾಡುತ್ತ ಕೂತಿರುತ್ತಿದ್ದರು. ಕೇಳುತ್ತಿದ್ದಾರೆಂದು ನನಗೆ ಅನ್ನಿಸಿರಲಿಲ್ಲ.

ಈಗ ನಮ್ಮ ಅಟ್ಟದ ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ಕೊಬ್ಬರಿ ಆತುರಗಾರರಿಗೆ ದಕ್ಕುವುದಿಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾದ ಮೇಲೆ ಅಲ್ಲಾಡಿಸಿದರೆ ಲೊಡಲೊಡ ಸದ್ದು ಬರುತ್ತದೆ. ಆಗ ಸುಲಿಸಿ ಒಡೆಸಬೇಕು. ನನ್ನ ಪಾಲಿನ ಕಾಯಿ ಲೊಡಲೊಡ ಎನ್ನತೊಡಗಿ ಬಹಳ ದಿನವಾಗಿತ್ತು. ಸುಲಿಯುವವರು ಬಾಗಿಲಿಗೆ ಬಂದಾಗ "ಯುದ್ಧ ಮುಗೀಲಿ, ಆಮೇಲ್ ಬನ್ರಪ್ಪ" ಎಂದು ಕಳಿಸಿದ್ದೆ. ಅಷ್ಟರಲ್ಲಿ ತೋಟದಿಂದ ಹೊಸ ಕಾಯಿ ಬಂದು ಅಂಗಳದಲ್ಲಿ ಬಿತ್ತು. ಹಾಗೇ ಬಿಟ್ಟರೆ ಮೊಳಕೆ ಬಂದು ಇಡೀ ಕೊಯ್ಲಿನ ಕೊಬ್ಬರಿ ಹಾಳು.

"ರೀ, ನಾಳೆ ಸಂಜೆ ಒಳಗೆ ಈ ಕಾಯಿ ಅಟ್ಟ ಹತ್ತದಿದ್ರೆ, ನಿಮ್ಮ ರೇಡಿಯೋ ಹತ್ತುತ್ತೆ" ಎಂದಳು ನನ್ನ ಹೆಂಡತಿ ಗಿರಿಜ.

ಅಣ್ಣನೂ ನಾನೂ ಪಾಲಾದಾಗ ಮನೆಯ ನಡುವೆ ಗೋಡೆ ಬಂತು. ಅಟ್ಟದ ಮೇಲೆ ಮಾತ್ರ ಒಂದು ಬಿದಿರ ಗಳವನ್ನು ಅಡ್ಡ ಮಲಗಿಸಿ, ಈಚೆಗೆ ನಿಂದು, ಆಚೆಗೆ ನಂದು ಎಂದುಕೊಂಡಿದ್ದೆವು. ಹತ್ತುವ ಏಣಿ ಒಂದೇ, ಅದು ಅಣ್ಣನ ನಡುಮನೆಯಲ್ಲಿ. ನನ್ನ ಕಡೆ ಕಾಲಿಡಲು ಜಾಗವಿರಲಿಲ್ಲ. ಅತ್ತಿಗೆಯ ಕಡೆ, ಅವರ ಹಳೆಯ ಕಾಯಿರಾಶಿಯ ಸುತ್ತ, ಅಚ್ಚುಕಟ್ಟಾದ ಖಾಲಿ ಜಾಗ. ತೆಂಗಿನಕಾಯಿಗೇನು ಸಮವಸ್ತ್ರವಿದೆಯೇ, ಯಾರಿಗೆ ಗೊತ್ತಾಗುತ್ತದೆ ಎಂದು ಒಂದಷ್ಟು ಹೊಸ ಕಾಯಿಯನ್ನು ಗಳದಾಚೆಗೆ ಸಾಗಿಸಿ ರಾಶಿಯೊಳಗೆ ಬೆರೆಸಿಬಿಟ್ಟೆ.

ಮರುದಿನ ಬೆಳಿಗ್ಗೆ ಅವೆಲ್ಲ ನಮ್ಮ ಹೊಸ್ತಿಲ ಮುಂದಿದ್ದವು. ಅತ್ತಿಗೆ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ್ದರು. ಲೊಡಲೊಡ ಎಂದದ್ದು ಅವರದು, ಒಳಗೆ ನೀರು ಕುಲುಕಿದ್ದು ನನ್ನದು. ನಮ್ಮ ಕಡೆ ತೊಟ್ಟಿಲ ಮಗುವಿಗೂ ಗೊತ್ತಿರುವ ವಿದ್ಯೆ ಇದು. ನನಗೂ ಗೊತ್ತಿತ್ತು, ವೀರಾವೇಶದಲ್ಲಿ ಮರೆತಿದ್ದೆ.

ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕಾಯಿ ಸರಿಸಿದರೆ ತಾನೇ ತಕರಾರು, ಗಳವನ್ನೇ ಸರಿಸಿದರೆ? ಅಂದು ಸಂಜೆ ಅತ್ತಿಗೆ ಹಿತ್ತಲಲ್ಲಿರುವುದನ್ನು ನೋಡಿ, ಮೂಟೆ ಹೊತ್ತು ಅಟ್ಟ ಹತ್ತಿದೆ. ಹೆಂಚಿಗೆ ತಲೆ ತಾಗಿಸಿಕೊಂಡು, ಜೇಡರ ಬಲೆ ತಿಂದುಕೊಂಡು, ಗಳವನ್ನು ಒಂದು ಮಾರು ಆಚೆಗೆ ನೂಕಿ, ಸಿಕ್ಕ ಜಾಗಕ್ಕೆ ಮೂಟೆಯ ಕಾಯಿ ಸುರಿದೆ. ವಾರ್ತೆಯ ಹೊತ್ತಾಯಿತೆಂದು ಇಳಿಯಲು ಕಾಲು ಚಾಚಿದರೆ ಕಾಲಿಗೆ ಏನೂ ಸಿಗಲಿಲ್ಲ.

"ಅತ್ತಿಗೆ, ಏಣಿ ಎಲ್ಲಿ?"

"ಕೆಳಗೈತೆ ಕಣಪ್ಪ."

"ಇಳೀಬೇಕಿತ್ತಲ್ಲ."

"ನೀನೇ ಅಂದ್ಯಲ್ಲಪ್ಪ, ದಾರಿ ಕತ್ತರಿಸಿದ್ರೆ ಮೇಲೇ ಕೂತು ಅಳಬೇಕು ಅಂತ. ಅಳು ಬಂದಾಗ ಕೂಗು, ಏಣಿ ಇಡ್ತೀನಿ."

ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಈ ಮನೆಗೆ ಬಂದವರು ಅವರು, ನನ್ನ ಅಳು ಅವರಿಗೆ ಹೊಸದಲ್ಲ. ಅಣ್ಣನನ್ನು ಕೂಗಿದೆ. "ನಿಮ್ನಿಮ್ಮೊಳಗಿನ ವಿಷ್ಯಕ್ಕೆ ನನ್ನ ಎಳೀಬೇಡ ಕಣ್ಲಾ" ಎಂದ. ಅವನದು ಮೊದಲಿಂದಲೂ ಅಲಿಪ್ತ ನೀತಿ. ಹೆಂಡತಿಯನ್ನು ಕೂಗಿದೆ. ಅವಳು ಬಂದು, ಕತ್ತೆತ್ತಿ ನನ್ನ ಮಸಿ ಮುಖವನ್ನು ಸಾವಕಾಶವಾಗಿ ನೋಡಿ, "ಅಕ್ಕ, ಕಾಫಿ ಆಯ್ತು, ಬನ್ನಿ" ಎಂದು ಅತ್ತಿಗೆಯನ್ನು ಕರೆದುಕೊಂಡು ಹೋದಳು. ಯಾರ ಕೊಬ್ಬರಿ ಉಳಿಸಲೆಂದು ನಾನು ದಂಡೆತ್ತಿ ಹೋಗಿದ್ದೆನೋ ಅವಳೇ ಹೀಗೆ! ಜಗಲಿಯಲ್ಲಿ ರೇಡಿಯೋ ಶುರುವಾಯಿತು. ನನಗೆ ಒಂದಕ್ಷರವೂ ಕೇಳಿಸಲಿಲ್ಲ, ಬಸಪ್ಪ ಹೊಟ್ಟೆ ಹಿಡಿದುಕೊಂಡು ನಗುವುದು ಮಾತ್ರ ಕೇಳಿಸಿತು. ಯಾವ ಸುದ್ದಿಗೆ ಅಷ್ಟು ನಗುತ್ತಿದ್ದಾನೆಂದು ತಿಳಿಯದೆ ಜೀವ ಒದ್ದಾಡಿತು. ಸೋತೆ ಎಂದು ಕೂಗಿದೆ.

ಗಳ ಮೊದಲಿದ್ದಲ್ಲಿಗೆ ಹೋಗಬೇಕು, ಕಾಯಿ ಈಚೆಗೆ ಬರಬೇಕು, ನಾಳೆಯೇ ಸುಲಿಯುವವರನ್ನು ಕರೆಸಿ ನನ್ನ ಹಳೆಯ ರಾಶಿ ಖಾಲಿ ಮಾಡಬೇಕು. ಇವು ಅತ್ತಿಗೆಯ ಷರತ್ತುಗಳು. ಎಲ್ಲಕ್ಕೂ ಒಪ್ಪಿ, ಗಳ, ಕಾಯಿ ಎರಡನ್ನೂ ಈಚೆಗೆ ತಂದ ಮೇಲೆ ಏಣಿ ಬಂತು. ಹಿಡಿದುಕೊಂಡು ನಿಂತ ಅವರು ಮೆಲ್ಲಗೆ ಅಂದರು: "ಬಾಯ್ಬಿಟ್ಟು ಕೇಳಿದ್ರೆ ನಾನೇ ಜಾಗ ಕೊಡ್ತಿರ್ಲಿಲ್ವೇನಪ್ಪ?" ಆ ಒಂದು ಮಾತಿಗೆ ನನಗೆ ನಿಜಕ್ಕೂ ನಾಚಿಕೆಯಾಯಿತು. ಏಣಿ ತೆಗೆದದ್ದಕ್ಕೆ ಅಷ್ಟು ಆಗಿರಲಿಲ್ಲ.

ಮುಖ ಒರೆಸಿಕೊಂಡು ಜಗಲಿಗೆ ಬಂದೆ. ಬಸಪ್ಪ ಇನ್ನೂ ನಗುತ್ತಿದ್ದ.

"ಚೀನಾದೋರು ವಾಪಸ್ ಹೊಂಟ್ರಂತೆ ಕಣ್ರೀ ಮೇಷ್ಟ್ರೇ! ಸೋತು ಅಲ್ವಂತೆ, ಬಂದ ಕೆಲ್ಸ ಮುಗೀತಂತೆ, ಅದ್ಕೇ ಹೋಯ್ತಾವ್ರಂತೆ!"

ಜಗಲಿಗೆ ಜಗಲಿಯೇ ನಕ್ಕಿತು. ಬಾಗಿಲ ಸಂದಿಯಿಂದ ಗಿರಿಜಳೂ ನಕ್ಕಳು. ಅಷ್ಟು ದಿನ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನು. ಅಂದು ಮಾತ್ರ ಆ ಬಡಪಾಯಿ ಸೈನ್ಯದ ಪರವಾಗಿ ಎರಡು ಮಾತಾಡಬೇಕೆನ್ನಿಸಿತು.

"ನೀವ್ ಎಲ್ಲೋಗಿದ್ರಿ ಇಷ್ಟೊತ್ತು?" ಎಂದ ಬಸಪ್ಪ.

"ಅಟ್ಟದ ಮೇಲೆ ಒಂಚೂರು ಕೆಲಸ ಇತ್ತು ಕಣಯ್ಯ" ಎಂದೆ. "ಮುಗೀತು, ಇಳಿದು ಬಂದೆ."