ಹಗುರಾದ ನಿಯಮಾವಳಿ

ಬೆಳಿಗ್ಗೆ ಒಂಬತ್ತೂವರೆಗೆ ನಿಧಾನಿ ನಿಯಮಾವಳಿಯ ಏಳನೆಯ ಪುಟ ತೆರೆದ. ಎಂಟನೆಯ ಪುಟ ಬರುವ ಹೊತ್ತಿಗೆ ಏಳರಲ್ಲಿ ಏನಿತ್ತೆಂಬುದೇ ಅವನಿಗೆ ಮರೆತಿತ್ತು.

ನಿಧಾನಿ ಎಂಬುದು ಅವನ ಹೆಸರಲ್ಲ. ಕಡತಗಳ ಕೋಣೆಯ ಗುಮಾಸ್ತನಿಗೆ ಕಚೇರಿಯವರು ಇಟ್ಟ ಬಿರುದು. ಯಾವ ಕಾಗದವನ್ನೂ ಪೂರ್ತಿ ಓದದೆ ಮುಂದಕ್ಕೆ ಕಳಿಸುವುದಿಲ್ಲ ಎಂಬುದೇ ಅವನ ಮೇಲಿದ್ದ ಆರೋಪ. ಹದಿನೇಳು ವರ್ಷದಿಂದ ಅದೇ ನೆಲಮಾಳಿಗೆ, ಅದೇ ಕುರ್ಚಿ. ಅಲ್ಲಿದ್ದ ಒಂದೇ ಕಿಟಕಿಯಿಂದ ಕಾಣುತ್ತಿದ್ದದ್ದು ದಾರಿಹೋಕರ ಪಾದಗಳು ಮಾತ್ರ. ಯಾರ ಚಪ್ಪಲಿ ಯಾವಾಗ ಸವೆಯಿತೆಂದು ಅವನು ಹೇಳಬಲ್ಲವನಾಗಿದ್ದ, ಮುಖ ಗೊತ್ತಿರಲಿಲ್ಲ.

ಈಗ ಮೇಲಿನ ಮಹಡಿಯಲ್ಲಿ ಮೇಲ್ವಿಚಾರಕನ ಜಾಗ ಖಾಲಿಯಾಗಿತ್ತು. ಸಂಜೆ ನಾಲ್ಕಕ್ಕೆ ಸಾಹೇಬರ ಕೋಣೆಯಲ್ಲಿ ಮೌಖಿಕ ಪರೀಕ್ಷೆ. ಪ್ರಶ್ನೆಗಳೆಲ್ಲ ಕಚೇರಿಯ ಹಳೆಯ ನಿಯಮಾವಳಿಯಿಂದ. ಪುಸ್ತಕದ ಒಂದೇ ಪ್ರತಿ ಸಾಹೇಬರ ಬೀರುವಿನಲ್ಲಿ ಬೀಗದೊಳಗಿತ್ತು. ಅದರ ಸ್ಕ್ಯಾನ್ ಪ್ರತಿಯನ್ನು ಹಿಂದಿನ ಸಂಜೆಯಷ್ಟೇ ಅಭ್ಯರ್ಥಿಗಳಿಗೆ ಕಳಿಸಿದ್ದರು. ಕಂಪ್ಯೂಟರ್ ಪರದೆಯನ್ನು ಅರ್ಧ ಗಂಟೆ ನೋಡಿದರೆ ನಿಧಾನಿಯ ಕಣ್ಣಲ್ಲಿ ನೀರು. ಅದಕ್ಕೇ ಹೆಂಡತಿ ತನ್ನ ಇ-ರೀಡರನ್ನು ಅವನ ಚೀಲಕ್ಕೆ ತುರುಕಿದ್ದಳು.

"ಇದ್ರಲ್ಲಿ ಹಾಕ್ಕೊಂಡು ಓದಿ. ಈ ಸಲನಾದ್ರೂ ಆ ಗುಹೆಯಿಂದ ಮೇಲಕ್ಕೆ ಬನ್ನಿ. ಮಗಳು ಸ್ಕೂಲಲ್ಲಿ ನಮ್ಮಪ್ಪ ಕೆಳಗಡೆ ಕೆಲಸ ಮಾಡ್ತಾರೆ ಅಂತಾಳೆ, ಎಲ್ರೂ ಗಣಿ ಅಂದ್ಕೊಂಡಿದ್ದಾರೆ."

ಪುಸ್ತಕವೇನೋ ನೂರಿಪ್ಪತ್ತೇ ಪುಟ. ಆದರೆ ಪ್ರತಿ ಪುಟವೂ ಒಂದು ಬಣ್ಣದ ಫೋಟೊ. ಅಕ್ಷರ ಇರುವೆಯಷ್ಟು, ಹಿಗ್ಗಿಸಿ ನಾಲ್ಕು ತುಂಡಾಗಿ ಓದಬೇಕು. ಒಂದೊಂದು ತುಂಡಿಗೂ ಆ ಯಂತ್ರ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರುವ ಮುದುಕನಂತೆ ನಿಂತು ನಿಂತು ಸಾಗುತ್ತಿತ್ತು. ಲೆಕ್ಕ ಹಾಕಿ ನೋಡಿದ: ಪುಟಕ್ಕೆ ಆರು ನಿಮಿಷ, ಒಟ್ಟು ಹನ್ನೆರಡು ಗಂಟೆ. ಇದ್ದದ್ದು ಆರೂವರೆ.

ಹಳೆಯ ಕಡತ ಕೇಳಲು ಬಂದ ಟೈಪಿಸ್ಟ್ ಇಣುಕಿ ನೋಡಿದಳು.

"ಅಣ್ಣ, ಇದು ಪುಸ್ತಕ ಅಲ್ಲ, ಮದುವೆ ಆಲ್ಬಮ್ಮು. ಬಣ್ಣ ತೆಗ್ದು ಕಪ್ಪು ಬಿಳುಪು ಮಾಡಿ. ಗಾಳಿ ಥರ ಓಡುತ್ತೆ."

ಮಾಡಿದ. ಯಾವ ಕಾಲದ ಯಾವ ಸಾಹೇಬರು ಚೆಲ್ಲಿದ್ದರೋ, ಚಹದ ಕಲೆಯಿದ್ದ ಮೂವತ್ತು ಪುಟಗಳು ಇದ್ದಿಲಿನಷ್ಟು ಕಪ್ಪಾಗಿ ಬಂದವು. ಮತ್ತೆ ಮೊದಲಿನಿಂದ ಶುರು.

ಅಷ್ಟರಲ್ಲಿ ಸ್ಟೋರ್ ಕೀಪರ್ ಇಳಿದು ಬಂದ. ಸಂಜೆಯ ಪರೀಕ್ಷೆಗೆ ಇದ್ದವರು ಇಬ್ಬರೇ, ನಿಧಾನಿ ಮತ್ತು ಅವನು. ಅವನ ಮುಖದ ನಗು ಅಂಗಡಿ ಬಾಗಿಲಿನ ಬೊಂಬೆಯ ನಗುವಿನ ಹಾಗೆ, ಯಾರು ಬಂದರೂ ಒಂದೇ ಅಳತೆ.

"ಅಂಚು ಕತ್ತರಿಸಣ್ಣ. ಖಾಲಿ ಜಾಗ ಹೋದ್ರೆ ಫೈಲಿನ ಭಾರ ತಾನೇ ಇಳಿಯುತ್ತೆ" ಎಂದ.

ಕತ್ತರಿಸಿದ. ಅಂಚಿನ ಜೊತೆ ನಿಯಮಗಳ ಸಂಖ್ಯೆಗಳೂ ಹೋದವು. ಯಾವುದು ನಿಯಮ, ಯಾವುದು ವಿನಾಯಿತಿ ಎಂದು ತಿಳಿಯದೆ ಪುಸ್ತಕವೇ ಒಂದು ದೀರ್ಘ ಜಗಳದಂತೆ ಕಂಡಿತು. ಮತ್ತೆ ಮೊದಲಿನಿಂದ.

ಹನ್ನೆರಡೂವರೆಗೆ ಟೈಪಿಸ್ಟೇ ಉಪಾಯ ಹೇಳಿದಳು: ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿ ಬದಲಿಸುವ ತಂತ್ರಾಂಶ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ನಿಧಾನಿ ಬೆರಳು ತಾಗಿಸಿದ, ಪುಟ ಮಗುಚಿಕೊಂಡಿತು. ಮತ್ತೆ ತಾಗಿಸಿದ, ಮತ್ತೆ ಮಗುಚಿತು. ಸುಖದಿಂದ ಓದತೊಡಗಿದ.

"ನೌಕರನಿಗೆ ವರ್ಷಕ್ಕೆ ಹದಿನೈದು ದಿನಗಳ ಸಜೆ ಸಲ್ಲುತ್ತದೆ. ತಡವಾಗಿ ಬಂದ ನೌಕರನನ್ನು ಮೇಲಧಿಕಾರಿಯು ಕೀಳತಕ್ಕದ್ದು."

ರಜೆ ಸಜೆಯಾಗಿತ್ತು, ಕೇಳತಕ್ಕದ್ದು ಕೀಳತಕ್ಕದ್ದಾಗಿತ್ತು.

"ತಪ್ಪೇನಿದೆ? ಇಲ್ಲಿ ನಡೆಯೋದನ್ನೇ ಬರೆದಿದೆಯಲ್ಲ" ಎಂದು ಟೈಪಿಸ್ಟ್ ಮೇಲೆ ಹೋದಳು.

ತಪ್ಪನ್ನು ಕಂಡೂ ಕಾಣದಂತೆ ದಾಟುವುದು ನಿಧಾನಿಯ ಜಾಯಮಾನವಲ್ಲ. ಕಂಪ್ಯೂಟರಿನ ಒಂದು ಬದಿಗೆ ಮೂಲ ಚಿತ್ರ, ಇನ್ನೊಂದು ಬದಿಗೆ ಪಠ್ಯ ಇಟ್ಟುಕೊಂಡು ಸಾಲು ಸಾಲಾಗಿ ತಿದ್ದತೊಡಗಿದ. ಊಟದ ಡಬ್ಬಿ ತೆರೆಯಲಿಲ್ಲ. ಕಣ್ಣಿಂದ ನೀರು ಧಾರಾಕಾರ. ಟಪಾಲು ತಂದ ಜವಾನ ಬಾಗಿಲಲ್ಲೇ ನಿಂತು, "ಯಾರು ಹೋದ್ರು ಸಾರ್?" ಎಂದು ಮೆಲ್ಲಗೆ ಕೇಳಿದ.

ಸ್ಟೋರ್ ಕೀಪರ್ ಮತ್ತೆ ಬಂದ. "ತಿದ್ದಿದಷ್ಟನ್ನ ನಂಗೂ ಕಳಿಸ್ತಾ ಇರಣ್ಣ. ನಮ್ಮ ನಮ್ಮಲ್ಲಿ ಪೈಪೋಟಿ ಯಾಕೆ?"

ಇಲ್ಲವೆನ್ನಲು ನಿಧಾನಿಗೆ ಬಾಯಿ ಬರಲಿಲ್ಲ. ಹತ್ತು ಹತ್ತು ಪುಟ ಕಳಿಸಿದ. ಸ್ಟೋರ್ ಕೀಪರ್ ಮೇಲೆ ಕಾಲು ಚಾಚಿಕೊಂಡು ಓದುತ್ತ, ಅಕ್ಷರ ಇನ್ನೊಂಚೂರು ದಪ್ಪ ಮಾಡು, ಸಾಲಿನ ನಡುವೆ ಜಾಗ ಬಿಡು ಎಂದು ಫೋನಿನಲ್ಲಿ ಹೇಳುತ್ತಿದ್ದ. ಕೊನೆಯ ಪುಟ ತಿದ್ದಿ ಮುಗಿದಾಗ ನಾಲ್ಕಕ್ಕೆ ಐದು ನಿಮಿಷ. ತಿದ್ದಿದ್ದರಲ್ಲಿ ಒಂದು ಪುಟವನ್ನೂ ನಿಧಾನಿ ಇ-ರೀಡರಿನಲ್ಲಿ ಓದಿರಲಿಲ್ಲ.

ಮೊದಲು ಸ್ಟೋರ್ ಕೀಪರ್ ಒಳಗೆ ಹೋದ. ಹತ್ತೇ ನಿಮಿಷಕ್ಕೆ ಬೆವರೊರೆಸುತ್ತ ಹೊರಗೆ ಬಂದ. "ಎಲ್ಲಾ ಓದಿದ್ದೆ ಕಣಣ್ಣ. ಪುಟಗಳು ಸರಸರ ಅಂತ ಹೋದ್ವು. ತಲೇಲಿ ಒಂದೂ ನಿಲ್ಲಲಿಲ್ಲ." ಆ ನಗು ಅಂದು ಮೊದಲ ಸಲ ಅವನ ಮುಖದಲ್ಲಿರಲಿಲ್ಲ.

ನಿಧಾನಿ ಒಳಗೆ ಹೋದ. ಸಾಹೇಬರು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಉತ್ತರ ಬೆರಳ ತುದಿಯಲ್ಲೇ ಇತ್ತು; ಮಧ್ಯಾಹ್ನದಿಂದ ಒಂದೊಂದು ಅಕ್ಷರವನ್ನೂ ಅದೇ ಬೆರಳು ತಿದ್ದಿತ್ತಲ್ಲ. ನಿಯಮದ ಸಂಖ್ಯೆ ಹೇಳಿದ, ಉಪನಿಯಮ ಹೇಳಿದ, ವಿನಾಯಿತಿಯನ್ನೂ ಹೇಳಿದ. ಸಾಹೇಬರು ಬೀರು ತೆಗೆಸಿ, ಮೂಲ ಪುಸ್ತಕ ಬಿಡಿಸಿ ತಾಳೆ ನೋಡಿದರು.

"ಹತ್ತಕ್ಕೆ ಹತ್ತು. ಇಂಥ ಉತ್ತರ ನಾನು ಈ ಕಚೇರೀಲಿ ಕೇಳಿಲ್ಲ. ಯಾವಾಗ ಓದಿದ್ರಿ?"

ನಿಧಾನಿ ಹಿಗ್ಗಿ ಎಲ್ಲವನ್ನೂ ಹೇಳಿದ.

"ಇಡೀ ಪುಸ್ತಕ, ಒಂದೇ ದಿನದಲ್ಲಿ?"

"ಒಂದೇ ದಿನದಲ್ಲಿ ಸಾರ್."

ಸಾಹೇಬರು ಏನನ್ನೋ ಬರೆದುಕೊಂಡರು. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ನಿಧಾನಿ ಆ ಮಹಡಿಯ ಕಿಟಕಿಯ ಬಳಿ ನಿಂತು ಹೊರಗೆ ನೋಡಿದ. ಜನರಿಗೆ ತಲೆಗಳಿದ್ದವು.

ಐದಕ್ಕೆ ಸೂಚನಾ ಫಲಕದ ಮೇಲೆ ಆದೇಶ ಬಿತ್ತು. ಮೇಲ್ವಿಚಾರಕನ ಜಾಗ ಸ್ಟೋರ್ ಕೀಪರನಿಗೆ.

ನಿಧಾನಿ ಅದನ್ನು ಓದಿ, ಕಾಲೆಳೆಯುತ್ತ ಸಾಹೇಬರ ಕೋಣೆಗೆ ಹೋದ.

"ಸಾರ್, ಅವನು ಎಷ್ಟು ಸರಿ ಹೇಳಿದ್ದ?"

"ಎರಡು. ಅದ್ರಲ್ಲೂ ಒಂದು ಅರ್ಧ ಸರಿ." ಸಾಹೇಬರು ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ನೀವೇ ಯೋಚನೆ ಮಾಡಿ. ನಿಯಮ ಗೊತ್ತಿಲ್ಲದೋನನ್ನ ಉಗ್ರಾಣದಲ್ಲಿ ಇಟ್ಕೊಳ್ಳೋದು ಅಪಾಯ. ಮೇಲ್ವಿಚಾರಕ ಅಂತ ಮೇಲೆ ಕೂರಿಸಿದ್ರೆ ಸಹಿ ಹಾಕ್ಕೊಂಡಿರ್ತಾನೆ, ಯಾರಿಗೂ ತೊಂದ್ರೆ ಇಲ್ಲ. ಆದ್ರೆ ನಿಮ್ಮನ್ನ ಎತ್ತಿದ್ರೆ ನಿಮ್ಮ ಕೆಲಸ ಯಾರು ಮಾಡ್ತಾರೆ? ಇನ್ನೂ ಇನ್ನೂರ ಹನ್ನೆರಡು ಪುಸ್ತಕ ಹೀಗೇ ಹಗುರ ಆಗ್ಬೇಕು."

ನಿಧಾನಿ ತನ್ನ ಬೆರಳುಗಳನ್ನೇ ನೋಡಿಕೊಂಡ.

"ನಾನೂ ಎರಡೇ ಹೇಳಿದ್ದಿದ್ರೆ ಸಾರ್?"

ಸಾಹೇಬರು ಪ್ರಾಮಾಣಿಕರು. ನಿಜವಾಗಿಯೂ ಯೋಚಿಸಿದರು.

"ಆಗ ಸೇವೆಯಲ್ಲಿ ಹಿರಿಯರು ಅಂತ ನಿಮಗೇ ಕೊಡ್ಬೇಕಾಗ್ತಿತ್ತು" ಎಂದರು.

ಅವನು ಕೆಳಗಿಳಿದು ಬರುವಷ್ಟರಲ್ಲಿ ಕೋಣೆಯ ಬಾಗಿಲಿಗೆ ತಳ್ಳುಗಾಡಿಯೊಂದು ಬಂದು ನಿಂತಿತ್ತು. ಅದರ ತುಂಬ ದಪ್ಪ ಪುಸ್ತಕಗಳು, ಎಲ್ಲಕ್ಕೂ ಮೇಲೆ ಹೊಸ ಮೇಲ್ವಿಚಾರಕನ ಮೊದಲ ಆದೇಶ. ಶಾಯಿ ಇನ್ನೂ ಆರಿರಲಿಲ್ಲ.

"ದಿನಕ್ಕೆ ಒಂದು."